ತಾಳ ತಪ್ಪಿದವರು ಅಜ್ಜಿಯಲ್ಲ



ವಾಶಿಯ ನಮ್ಮ ಮನೆಯಲ್ಲಿ ಶನಿವಾರ ಸಂಜೆ ಭಜನೆ ನಡೆಯುವುದು ವಾಡಿಕೆ. 2020ರ ಲಾಕ್‌ಡೌನ್ ದಿನಗಳಲ್ಲಿ ಉಡುಪಿಯಲ್ಲಿದ್ದ ನನ್ನ ತಾಯಿಯವರೂ ವೀಡಿಯೊ ಕರೆಯ ಮೂಲಕ ನಮ್ಮೊಡನೆ ಹಾಡತೊಡಗಿದರು. ಆದರೆ ಪ್ರತಿ ಸಾಲಿಗೂ ಅವರು ಹಿಂದೆ ಬೀಳುತ್ತಿದ್ದರು. "ಅಜ್ಜಿಗೆ ತಾಳ ತಪ್ಪುತ್ತದೆ" ಎಂದು ಮಕ್ಕಳು ನಕ್ಕರು. ಮುಂದಿನ ವಾರದಿಂದ ಅವರು ಹಾಡಲಿಲ್ಲ. ಸುಮ್ಮನೆ ಕೇಳುತ್ತ ಕುಳಿತರು.

ಅಸಲಿಗೆ ತಪ್ಪು ಅವರದಲ್ಲ. ನಮ್ಮ ದನಿ ಅವರಿಗೆ ತಡವಾಗಿ ಮುಟ್ಟುತ್ತಿತ್ತು. ಅದಕ್ಕೆ ಸರಿಹೊಂದಿಸಿ ಅವರು ಹಾಡಿದ್ದು ಮತ್ತಷ್ಟು ತಡವಾಗಿ ನಮಗೆ ಬರುತ್ತಿತ್ತು. ಅವರ ಕಿವಿಗೆ ತಾಳ ಸರಿಯಾಗಿಯೇ ಇತ್ತು!

ಒಟ್ಟಿಗೆ ಹಾಡಬೇಕಾದರೆ ದನಿ ಸುಮಾರು 30 ಮಿಲಿಸೆಕೆಂಡಿನೊಳಗೆ ಮುಟ್ಟಬೇಕು. ಗಾಳಿಯಲ್ಲಿ ಶಬ್ದ ಹತ್ತು ಮೀಟರು ಸಾಗುವಷ್ಟು ಹೊತ್ತು ಅದು. ಉಡುಪಿ ಇಲ್ಲಿಂದ ನೇರ ಲೆಕ್ಕದಲ್ಲಿ ಸುಮಾರು 650 ಕಿ.ಮೀ.; ಆಪ್ಟಿಕಲ್ ಫೈಬರಿನಲ್ಲಿ ಬೆಳಕಿಗೆ ಮೂರು-ನಾಲ್ಕು ಮಿಲಿಸೆಕೆಂಡಿನ ದಾರಿ. ಅಂದಮೇಲೆ ಹೆಚ್ಚಿನ ವಿಳಂಬ ನಮ್ಮ ಉಪಕರಣಗಳಲ್ಲೇ ಇದೆ.

ನೀವು ಮಾಡಬೇಕಾದದ್ದು ಇಷ್ಟು. ಬ್ಲೂಟೂತ್ ಇಯರ್‌ಫೋನ್ ಬದಿಗಿಡಿ. ಅದೊಂದೇ ನೂರು ಮಿಲಿಸೆಕೆಂಡಿಗೂ ಮೀರಿ ತಡಮಾಡಬಲ್ಲದು. ವೈರಿನ ಹೆಡ್‌ಫೋನ್ ಹಾಕಿ. ವೈಫೈ ಬಿಟ್ಟು ಕೇಬಲ್ ಜೋಡಿಸಿ. ಮಾತಿಗಾಗಿ ಮಾಡಿದ ವೀಡಿಯೊ ಕರೆಯ ಬದಲು ಸಂಗೀತಕ್ಕೆಂದೇ ಇರುವ ಜಾಮುಲಸ್ ಅಥವಾ ಸೋನೋಬಸ್ ಬಳಸಿ, ಎರಡೂ ಉಚಿತ. ಅವುಗಳಲ್ಲಿ 'ಬಫರ್' ಎಂಬುದಿದೆ, ಅಂದರೆ ದನಿಯನ್ನು ತುಸು ಕೂಡಿಟ್ಟು ಕಳಿಸುವ ಡಬ್ಬಿ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024ರ ಬಫರಿಗೆ 21 ಮಿಲಿಸೆಕೆಂಡು ಬೇಕು. 256ಕ್ಕೆ ಐದೇ ಸಾಕು. ತೀರಾ ಇಳಿಸಿದರೆ ದನಿ ಕರಕರ ಒಡೆಯುತ್ತದೆ. ಆಗ ಒಂದು ಮೆಟ್ಟಿಲು ಮೇಲೇರಿಸಿ.

ಅಮೆರಿಕದ ಪಶ್ಚಿಮ ತೀರದ ಬಂಧುಗಳೊಡನೆ ಮಾತ್ರ ಈ ಉಪಾಯ ನಡೆಯದು. 13,000 ಕಿ.ಮೀ.ಗೂ ಮೀರಿದ ದಾರಿಗೆ ಬೆಳಕಿಗೇ 65 ಮಿಲಿಸೆಕೆಂಡು ಹಿಡಿಯುತ್ತದೆ. ಅಲ್ಲಿ ಒಬ್ಬರು ಹಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಹಾಡುವುದೇ ಲೇಸು.

ನಮ್ಮ ಮನೆಯಲ್ಲಿ ಇದನ್ನೆಲ್ಲ ಸರಿಪಡಿಸಿದವಳು ಅಂದು ನಕ್ಕಿದ್ದ ನನ್ನ ಮಗಳೇ. ಉಡುಪಿಯಲ್ಲಿ ನೆರೆಮನೆಯ ಹುಡುಗ ಕೇಬಲ್ ಜೋಡಿಸಿಕೊಟ್ಟ. ಮರುವಾರ ಅಜ್ಜಿ ತಾಳ ಹಿಡಿದರು, ಮೊಮ್ಮಗಳು ಹಿಂದೆ ಬಿದ್ದಳು. ಈ ಸಲ ತಪ್ಪು ಯಂತ್ರದ್ದಾಗಿರಲಿಲ್ಲ!

ನಿಮ್ಮ ಊರಿನ ಹಿರಿಯರೊಡನೆಯೂ ಒಮ್ಮೆ ಹಾಡಿ ನೋಡಿ.