ಬ್ಯಾಟರಿಗೆ ತಕ್ಕ ಸ್ಥಳ

ಸಾಲಿಗ್ರಾಮದ ಸಮೀಪದ ಹಿನ್ನೀರಿನಲ್ಲಿ ದೋಣಿ ನಡೆಸುವವನು ಭಾರವನ್ನೆಲ್ಲ ಮುಂದೆಯೇ ಹೇರುವುದಿಲ್ಲ. ಹೇರಿದರೆ ದೋಣಿ ಮುಂದಕ್ಕೆ ತಗ್ಗಿ, ಹೇಳಿದಂತೆ ತಿರುಗದು. ವೇಗದ ಮೋಟಾರುಗಾಡಿಗೂ ಭಾರದ ಹಂಚಿಕೆ ಇಷ್ಟೇ ಮುಖ್ಯ. 1989ರಲ್ಲಿ ಹೊರಬಂದ ಮಾಜ್ದಾ ಮಿಯಾಟಾ ಗಾಡಿಯಲ್ಲಿ ತಯಾರಕರೇ ಬ್ಯಾಟರಿಯನ್ನು ಹಿಂದಿನ ಸಾಮಾನುಪೆಟ್ಟಿಗೆಯಲ್ಲಿ ಇರಿಸಿದ್ದರು.

ಇದರಿಂದ ಲಾಭವೆಷ್ಟು? 1000 ಕಿಲೋಗ್ರಾಂ ತೂಕದ ಗಾಡಿಯ ಮುಂದಿನ ಅಚ್ಚಿನ ಮೇಲೆ 540, ಹಿಂದಿನದರ ಮೇಲೆ 460 ಕಿಲೋಗ್ರಾಂ ಭಾರವಿದೆಯೆಂದು ಭಾವಿಸೋಣ. 15 ಕಿಲೋಗ್ರಾಮಿನ ಬ್ಯಾಟರಿಯನ್ನು ಮುಂದಿನ ಅಚ್ಚಿನ ನೇರದಿಂದ ಹಿಂದಿನ ಅಚ್ಚಿನ ನೇರಕ್ಕೆ ತಂದರೆ ಅದು 525 ಮತ್ತು 475 ಆಗುವುದು. ಲಾಭ ಶೇಕಡ ಒಂದೂವರೆ ಮಾತ್ರ.

ಅಪಾಯವಾದರೋ ಸಣ್ಣದಲ್ಲ. ಎಂಜಿನನ್ನು ಚಾಲೂ ಮಾಡುವಾಗ 200 ಆಂಪಿಯರ್ ಪ್ರವಾಹ ಹರಿದರೆ, ಉದ್ದನೆಯ ತಂತಿಯ 0.01 ಓಮ್ ರೋಧವೇ 12 ವೋಲ್ಟಿನಲ್ಲಿ 2 ವೋಲ್ಟನ್ನು ನುಂಗುತ್ತದೆ. ತಂತಿಯ ಹೊದಿಕೆ ಸವೆದು ಒಡಲಿನ ಲೋಹಕ್ಕೆ ತಗುಲಿದರೆ ಬೆಂಕಿ ಹತ್ತಬಹುದು. ಬ್ಯಾಟರಿಯಿಂದ ಹೊರಡುವ ಜಲಜನಕವು ಮುಚ್ಚಿದ ಪೆಟ್ಟಿಗೆಯಲ್ಲಿ ಶೇಖರವಾದರೆ ಒಂದು ಕಿಡಿಗೆ ಸ್ಫೋಟಿಸಬಲ್ಲದು.

ನೆರೆಯ ಮಣಿಪಾಲದಲ್ಲಿ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ತಂಡ ಕಟ್ಟಿ ಪಂದ್ಯದ ಗಾಡಿಗಳನ್ನು ತಾವೇ ನಿರ್ಮಿಸುತ್ತಾರೆ. ಅಂಥ ಉತ್ಸಾಹಿಗಳಿಗೆ ನಮ್ಮ ಸಲಹೆ ಇಷ್ಟೇ: ಮೊದಲು ಗಾಡಿಯನ್ನು ತೂಗಿರಿ. ದಪ್ಪ ತಂತಿ, ಬ್ಯಾಟರಿಯ ಬಳಿಯಲ್ಲೇ ಫ್ಯೂಸು, ಅನಿಲ ಹೊರಹೋಗುವ ಕೊಳವೆ, ಬಲವಾದ ಕಟ್ಟು, ಈ ನಾಲ್ಕೂ ಸಿದ್ಧವಾಗುವವರೆಗೆ ಬ್ಯಾಟರಿ ಇದ್ದಲ್ಲೇ ಇರಲಿ.