ಅರ್ಧಶಕ್ತಿಯ ವ್ಯಾಯಾಮಕ್ಕೆ ವಾಹನವಿಲ್ಲದ ದಾರಿ ಬೇಕು

ಶರಣರು ಕಾಯವನ್ನು ತಿರಸ್ಕರಿಸಲಿಲ್ಲ. ಅದನ್ನು ದೇವಾಲಯವೆಂದು ಭಾವಿಸಿದರು, ಕಾಯಕಕ್ಕೆ ಸಾಧನವೆಂದು ಬಗೆದರು. ದುಡಿಯಲಾರದ ದೇಹದಿಂದ ಕಾಯಕ ನಡೆಯದು. ಕಾಯಕವಿಲ್ಲದೆ ದಾಸೋಹಕ್ಕೆ ಎಡೆಯಿಲ್ಲ. ಆದುದರಿಂದ ಆರೋಗ್ಯವನ್ನು ಕಾಪಾಡಿಕೊಳ್ಳುವುದು ನಮ್ಮ ಪರಂಪರೆಯಲ್ಲಿ ಕೇವಲ ಸ್ವಂತ ಸುಖದ ಮಾತಲ್ಲ, ಕರ್ತವ್ಯವೂ ಹೌದು. ಬೆಂಗಳೂರಿನಂತಹ ನಗರದಲ್ಲಿ ಈ ಕರ್ತವ್ಯಕ್ಕೆ ಒದಗಿರುವ ಅಡ್ಡಿಯೊಂದನ್ನೂ, ಅದನ್ನು ನಿವಾರಿಸುವ ಒಂದು ಉಪಾಯವನ್ನೂ ಸದ್ಭಕ್ತರ ಗಮನಕ್ಕೆ ತರಬಯಸುತ್ತೇವೆ.

ಮಧುಮೇಹ, ಸ್ಥೌಲ್ಯ, ಅಜೀರ್ಣ, ನಿದ್ರಾಹೀನತೆ ಎಂದು ಬರುವವರಿಗೆ ವೈದ್ಯರಾದ ನಾವು ಔಷಧದೊಡನೆ ವ್ಯಾಯಾಮವನ್ನೂ ವಿಧಿಸುತ್ತೇವೆ. ಮೊಣಕಾಲಿನ ಸವೆತ ಆರಂಭವಾದವರಿಗೆ ಹೆಚ್ಚು ನಡೆಯುವುದು ಕಷ್ಟ. ಅಂಥವರಲ್ಲಿ ಅನೇಕರಿಗೆ ಸೈಕಲ್ ತುಳಿಯುವುದು ಹಿತ. ಏಕೆಂದರೆ ದೇಹದ ಭಾರವನ್ನು ಬಹುಮಟ್ಟಿಗೆ ಆಸನವೇ ಹೊರುತ್ತದೆ, ಕೀಲುಗಳಿಗೆ ಪೆಟ್ಟು ಬೀಳುವುದಿಲ್ಲ. ಆದರೆ ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳ ಕಡೆಯಿಂದ ಬರುವವರು ಈ ಸಲಹೆಯನ್ನು ಕೇಳಿದೊಡನೆ ಮರಳಿ ಕೇಳುವ ಪ್ರಶ್ನೆ ಒಂದೇ: "ತುಳಿಯೋದು ಎಲ್ಲಿ ಡಾಕ್ಟ್ರೇ?" ಈ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ನಮ್ಮ ಸಲಹೆ ಚೀಟಿಯ ಮೇಲಿನ ಬರಹವಾಗಿಯೇ ಉಳಿಯುತ್ತದೆ.

ಆಯುರ್ವೇದವು ವ್ಯಾಯಾಮವನ್ನು ಹೊಗಳಿ ಸುಮ್ಮನಾಗುವುದಿಲ್ಲ, ಅದಕ್ಕೊಂದು ಅಳತೆಯನ್ನೂ ಹೇಳುತ್ತದೆ. ದೇಹದ ಹಗುರತನ, ಕೆಲಸ ಮಾಡುವ ಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಇಳಿಕೆ ಇವು ವ್ಯಾಯಾಮದ ಫಲಗಳೆಂದು ವಾಗ್ಭಟನ ಅಷ್ಟಾಂಗಹೃದಯವು ತಿಳಿಸುತ್ತದೆ. ಆದರೆ ಬಲಶಾಲಿಯಾದವನೂ ಚಳಿಗಾಲ ಹಾಗೂ ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡುವುದು, ಬಾಯಿ ಒಣಗತೊಡಗುವುದು, ಉಸಿರು ಮೂಗಿನಿಂದ ಬಾಯಿಗೆ ಬರುವುದು ಅರ್ಧಶಕ್ತಿಯ ಗುರುತು. ಅಲ್ಲಿಗೆ ನಿಲ್ಲಿಸಬೇಕು. ಅದನ್ನು ಮೀರಿದರೆ ವ್ಯಾಯಾಮವೇ ಬಾಯಾರಿಕೆ, ಏದುಸಿರು, ಕೆಮ್ಮು, ಧಾತುಕ್ಷಯಗಳಿಗೆ ಕಾರಣವಾಗುತ್ತದೆ.

ಈಗ ಹಳೆ ಮದ್ರಾಸ್ ರಸ್ತೆಯಲ್ಲಿ ಬೆಳಗಿನ ಎಂಟು ಗಂಟೆಗೆ ಸೈಕಲ್ ತುಳಿಯುವವರನ್ನು ನೆನೆಯಿರಿ. ಹಸಿರು ದೀಪ ಬಿದ್ದೊಡನೆ ಅವರು ಪೂರ್ಣಶಕ್ತಿಯಿಂದ ನುಗ್ಗಬೇಕು, ಮರುಕ್ಷಣ ಬ್ರೇಕ್ ಹಿಡಿದು ನಿಲ್ಲಬೇಕು. ಅವರ ವೇಗವನ್ನು ನಿರ್ಧರಿಸುವುದು ಅವರ ಉಸಿರಲ್ಲ, ಹಿಂದಿನಿಂದ ಹಾರ್ನ್ ಹಾಕುವ ಬಸ್ಸು. ಅಲ್ಲಿ ಅರ್ಧಶಕ್ತಿಯ ಅಳತೆಗೆ ಅವಕಾಶವೇ ಇಲ್ಲ. ಇದರೊಡನೆ ಗಾಳಿಯ ಮಾತೂ ಇದೆ. ಶ್ರಮ ಮಾಡುವಾಗ ನಾವು ಕುಳಿತಿರುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಗಾಳಿಯನ್ನು ಒಳಗೆಳೆಯುತ್ತೇವೆ. ಹೊಗೆಯನ್ನೂ ಅಷ್ಟೇ ಪಟ್ಟು ಹೆಚ್ಚು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಅದೇ ಸಂಸ್ಥೆ ಗಾಳಿಯಲ್ಲಿನ ಅತಿಸೂಕ್ಷ್ಮ ಧೂಳಿನ ಕಣಗಳ ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು 2021ರಲ್ಲಿ ಹೇಳಿತು. ನಮ್ಮ ದೇಶದ ಮಾನದಂಡವೇ 40. ಎರಡು ಸೂಚನೆಗಳನ್ನೂ ಒಟ್ಟಿಗೆ ಪಾಲಿಸಬೇಕಾದರೆ ವ್ಯಾಯಾಮದ ಸ್ಥಳವು ವಾಹನಗಳಿಂದ ದೂರವಿರಲೇಬೇಕು.

ಬೆಂಗಳೂರಿನ ಪೂರ್ವಭಾಗಕ್ಕೆ ಸೈಕಲ್ ಹೊಸದಲ್ಲ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಆರಂಭವಾದವು, ಮುಂದೆ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಬಂದಿತು. ಈ ಕಾರ್ಖಾನೆಗಳ ಶಿಫ್ಟ್ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲುಗಳಿದ್ದ ಕಾಲವನ್ನು ನಮ್ಮ ವಯಸ್ಸಿನವರು ಬಲ್ಲರು. ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಕಾಯಕಕ್ಕೆ ಹೋಗುತ್ತಿದ್ದ ಆ ಜನರಿಗೆ ವ್ಯಾಯಾಮಶಾಲೆ ಬೇಕಿರಲಿಲ್ಲ. ಇಂದಿಗೂ ಹಾಲು, ಪತ್ರಿಕೆ ಹಾಕುವವರು, ಕಾವಲು ಕೆಲಸದವರು ಸೈಕಲ್ಲನ್ನೇ ನೆಚ್ಚಿದ್ದಾರೆ. ಆದಕಾರಣ ಸೈಕಲ್ ದಾರಿಯನ್ನು ಕೇಳುವುದು ಸಿರಿವಂತರ ಹವ್ಯಾಸಕ್ಕಾಗಿ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

ಈ ವಿಷಯದಲ್ಲಿ ಇಂಗ್ಲೆಂಡಿನ ಗ್ರಾಮಾಂತರದ ಉದಾಹರಣೆ ತಿಳಿಯತಕ್ಕದ್ದು. ಅಲ್ಲಿ 1963ರ ಬೀಚಿಂಗ್ ವರದಿಯ ತರುವಾಯ ನಷ್ಟದಲ್ಲಿದ್ದ ಅನೇಕ ರೈಲುಮಾರ್ಗಗಳನ್ನು ಮುಚ್ಚಲಾಯಿತು. ಹಳಿಗಳನ್ನು ಕಿತ್ತ ಮೇಲೆ ಏರಿ, ಸೇತುವೆ, ಸುರಂಗಗಳು ಪಾಳುಬಿದ್ದವು. ಡರ್ಬಿಶೈರಿನ ಬೆಟ್ಟಸೀಮೆಯಲ್ಲಿ ಅಂಥ ಒಂದು ಮಾರ್ಗವನ್ನು ಕೊಂಡು, 1971ರಲ್ಲಿ ಸುಮಾರು 21 ಕಿ.ಮೀ. ಉದ್ದದ ಟಿಸಿಂಗ್ಟನ್ ದಾರಿಯಾಗಿ ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಟ್ಟರು. ಬ್ರಿಸ್ಟಲ್ ನಗರದಲ್ಲಿ 1977ರಲ್ಲಿ ನಾಗರಿಕರೇ ಒಂದು ಸಂಘ ಕಟ್ಟಿ, 1979ರಿಂದ ಸ್ವಯಂಸೇವಕರ ದುಡಿಮೆಯಿಂದ ಬ್ರಿಸ್ಟಲ್ ಮತ್ತು ಬಾತ್ ನಡುವಿನ ಹಳೆಯ ರೈಲುದಾರಿಯನ್ನು ಸೈಕಲ್ ದಾರಿಯಾಗಿ ಮಾಡತೊಡಗಿದರು. ಅದೂ ಸುಮಾರು 21 ಕಿ.ಮೀ. 1986ರ ಹೊತ್ತಿಗೆ ಅದು ಪೂರ್ಣವಾಯಿತು. ಅದೇ ಬೀಜದಿಂದ 1995ರಲ್ಲಿ ರಾಷ್ಟ್ರೀಯ ಸೈಕಲ್ ಜಾಲವೆಂಬ ಯೋಜನೆ ಹುಟ್ಟಿತು. ಇಂದು ಕಾರ್ನ್‌ವಾಲಿನ ಕ್ಯಾಮೆಲ್ ನದಿಯ ದಡದಲ್ಲಿ, ಹಿಂದೆ ಕುದುರೆಗಳು ದೋಣಿಗಳನ್ನು ಎಳೆಯುತ್ತಿದ್ದ ಕಾಲುವೆಗಳ ಅಂಚಿನಲ್ಲಿ, ಅಜ್ಜಂದಿರೂ ಮೊಮ್ಮಕ್ಕಳೂ ಊರಿಂದೂರಿಗೆ ಹಲವು ದಿನಗಳ ಸೈಕಲ್ ಪ್ರವಾಸ ಮಾಡುತ್ತಾರೆ.

ಅವರ ದೇಶದ ತಂಪು ಹವೆಯನ್ನು ನಾವು ತರಲಾರೆವು. ಆದರೆ ಆ ದಾರಿಗಳ ಎರಡು ಗುಣಗಳು ವೈದ್ಯದೃಷ್ಟಿಗೆ ಮುಖ್ಯವಾದವು. ಮೊದಲನೆಯದು, ಉಗಿಬಂಡಿಗಾಗಿ ಹಾಕಿದ ದಾರಿಯಾದುದರಿಂದ ಕಡಿದಾದ ಏರುಗಳು ಕಡಿಮೆ. ವೃದ್ಧರೂ ಅರ್ಧಶಕ್ತಿಯೊಳಗೇ ಸಾಗಬಲ್ಲರು. ಎರಡನೆಯದು, ಅವು ರಸ್ತೆಯ ಬದಿಯ ಪಟ್ಟಿಗಳಲ್ಲ, ರಸ್ತೆಯಿಂದ ಬೇರೆಯಾದ ದಾರಿಗಳು.

ಈ ಎರಡನೆಯ ಗುಣದ ಬೆಲೆಯನ್ನು ನಮ್ಮ ನಗರ ಅನುಭವದಿಂದ ಅರಿತಿದೆ. 2020ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಉದ್ದದ ಸೈಕಲ್ ಪಥವನ್ನು ಗುರುತಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ನಡುವೆ ನೆಟ್ಟ ಕಂಬಗಳು ಮುರಿದವು, ದ್ವಿಚಕ್ರ ವಾಹನಗಳು ನುಗ್ಗಿದವು, ಬಳಿಕ ಮೆಟ್ರೊ ಕಾಮಗಾರಿಯೂ ಬಂದಿತು. ಇದಕ್ಕೆ ಪ್ರತಿಯಾಗಿ, 2013ರ ಅಕ್ಟೋಬರಿನಲ್ಲಿ ಆರಂಭವಾಗಿ ಬಡಾವಣೆಗಳಿಗೆ ಹರಡಿದ ಸೈಕಲ್ ದಿನವನ್ನೂ, ಭಾನುವಾರಗಳಲ್ಲಿ ವಾಹನಗಳಿಗೆ ಮುಚ್ಚುವ ಕಬ್ಬನ್ ಪಾರ್ಕಿನ ರಸ್ತೆಗಳನ್ನೂ ನೋಡಿ. ದಂಡು ಪ್ರದೇಶ, ಶಿವಾಜಿನಗರಗಳ ಮಕ್ಕಳು ಆ ಬೆಳಗುಗಳಲ್ಲಿ ಅಂಜಿಕೆಯಿಲ್ಲದೆ ಪೆಡಲ್ ತುಳಿಯುತ್ತಾರೆ. ವಾಹನವನ್ನು ದೂರವಿಟ್ಟಲ್ಲಿ ಜನ ತಾವಾಗಿಯೇ ಬರುತ್ತಾರೆ. ಆದರೆ ವಾರಕ್ಕೊಂದು ದಿನದ ಪಥ್ಯದಿಂದ ರೋಗ ಗುಣವಾಗದು.

ನಮ್ಮಲ್ಲಿ ಪಾಳುಬಿದ್ದ ರೈಲುದಾರಿಗಳು ಹೆಚ್ಚಿಲ್ಲ, ನಿಜ. ಅದಕ್ಕೆ ಸಮನಾದ ಆಸ್ತಿ ನಮಗೆ ಬೇರೆ ರೂಪದಲ್ಲಿದೆ: ಕೆರೆಯ ಏರಿ. ಅದೂ ಸಮತಟ್ಟು, ಅದೂ ರಸ್ತೆಯಿಂದ ಬೇರೆ, ನೀರಿನ ಮೇಲಿನ ಗಾಳಿ ಬೇರೆ ಬೀಸುತ್ತದೆ. ಹಲಸೂರು, ಕಗ್ಗದಾಸಪುರ, ಬೆನ್ನಿಗಾನಹಳ್ಳಿ, ಕೆ.ಆರ್. ಪುರದ ವೆಂಗಯ್ಯನಕೆರೆ, ಅದರಾಚೆಯ ಯಲೆ ಮಲ್ಲಪ್ಪ ಶೆಟ್ಟಿ ಕೆರೆ ಎಲ್ಲವೂ ನಗರದ ಪೂರ್ವಭಾಗದಲ್ಲಿಯೇ ಇವೆ. ಸಿದ್ಧರಾಮ ಶಿವಯೋಗಿಗಳು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಪರಂಪರೆ ನಮ್ಮದು. ವೀಳ್ಯದೆಲೆಯ ವ್ಯಾಪಾರಿಯೊಬ್ಬರು ತಮ್ಮ ಗಳಿಕೆಯನ್ನು ಸುರಿದು ಊರಿನ ನೀರಿಗಾಗಿ ಕಟ್ಟಿಸಿದರೆಂದು ಯಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ಜನ ಇಂದಿಗೂ ನೆನೆಯುತ್ತಾರೆ. ಅಂದು ನೀರು ಕೊಡಲು ಕಟ್ಟಿದ ಏರಿ ಇಂದು ಉಸಿರನ್ನೂ ಕೊಡಬಲ್ಲದು.

ಆದರೆ ಈಗ ನಗರದ ಬಹುಪಾಲು ಉದ್ಯಾನ ಹಾಗೂ ಕೆರೆಯಂಗಳಗಳ ಬಾಗಿಲಲ್ಲಿ ಸೈಕಲ್ ನಿಷೇಧವೆಂಬ ಫಲಕ ಕಾಣುತ್ತದೆ. ನಡೆಯುವ ವೃದ್ಧರಿಗೂ ಮಕ್ಕಳಿಗೂ ಸೈಕಲ್ಲಿನಿಂದ ಪೆಟ್ಟಾದೀತು ಎಂಬ ಅಂಜಿಕೆ ಇದಕ್ಕೆ ಕಾರಣ. ಈ ಅಂಜಿಕೆ ನ್ಯಾಯವಾದುದು. ಇಂಗ್ಲೆಂಡಿನ ದಾರಿಗಳಲ್ಲಿಯೂ ನಡೆಯುವವರೇ ಮೊದಲು. ಸವಾರನು ವೇಗ ತಗ್ಗಿಸಿ, ಗಂಟೆ ಬಾರಿಸಿ, ಅವರಿಗೆ ಎಡೆಮಾಡಿಕೊಟ್ಟು ಹೋಗಬೇಕು. ಇಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆಯನ್ನು ಸೈಕಲ್ಲಿಗೆಂದು ಗೊತ್ತುಪಡಿಸಬಹುದು. ಏರಿ ಅಗಲವಿದ್ದಲ್ಲಿ ಎರಡು ದಾರಿ ಮಾಡಬಹುದು. ಮೋಟಾರುಬೈಕು ನುಸುಳದಂತೆ ಬಾಗಿಲಲ್ಲಿ ತಡೆ ಇರಬೇಕು. ಕಾಂಕ್ರೀಟು ಸುರಿಯಬಾರದು, ಕೆರೆಯ ಅಂಗಳವನ್ನು ಒತ್ತಬಾರದು, ಹಕ್ಕಿಗಳಿಗೆ ತೊಂದರೆಯಾಗುವ ದೀಪಗಳನ್ನು ಹಾಕಬಾರದು. ಗಟ್ಟಿಮಾಡಿದ ಮಣ್ಣಿನ ದಾರಿಯೇ ಸಾಕು. ಮುಂದೆ ರಾಜಕಾಲುವೆಗಳ ಅಂಚಿನ ತೆರವಾದ ಜಾಗದಿಂದ ಒಂದು ಕೆರೆಯನ್ನು ಇನ್ನೊಂದಕ್ಕೆ ಜೋಡಿಸಿದರೆ ಊರಿಂದೂರಿಗೆ ಹೋಗುವ ದಾರಿ ನಮಗೂ ಒದಗೀತು.

ದಾರಿ ದೊರೆತವರು ಕೆಲವು ನಿಯಮಗಳನ್ನು ಪಾಲಿಸಬೇಕು. ಮಲಮೂತ್ರ ವಿಸರ್ಜನೆಯ ನಂತರ, ಬರಿಹೊಟ್ಟೆಯಲ್ಲಿ ಅಥವಾ ಲಘು ಪಾನೀಯ ಸೇವಿಸಿ ಹೊರಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಬರಿಹೊಟ್ಟೆಯಲ್ಲಿ ಹೋಗಬಾರದು. ಪೆಡಲ್ ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಷ್ಟು ಆಸನ ಎತ್ತರವಿರಲಿ. ಮೊದಲ ವಾರ ಹದಿನೈದು ನಿಮಿಷ ಸಾಕು. ಅಜೀರ್ಣ, ಜ್ವರವಿದ್ದಾಗ ಸೈಕಲ್ ಮುಟ್ಟಬಾರದು. ಹೃದ್ರೋಗ, ತಲೆಸುತ್ತು, ತೀವ್ರ ಸಂಧಿನೋವುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಮರಳಿ ಬಂದು ಬೆವರು ಆರುವವರೆಗೆ ವಿಶ್ರಮಿಸಿ, ಬಳಿಕ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಕುಳಿತರೆ ಮನಸ್ಸು ಬೇಗ ನಿಲ್ಲುತ್ತದೆ.

ಬ್ರಿಸ್ಟಲಿನ ದಾರಿಯನ್ನು ಸರ್ಕಾರವೇ ಮೊದಲಾಗಿ ಮಾಡಲಿಲ್ಲ; ಗುದ್ದಲಿ ಹಿಡಿದ ನಾಗರಿಕರು ಆರಂಭಿಸಿದರು. ಅವರು ಅದನ್ನು ಸ್ವಯಂಸೇವೆ ಎಂದರು, ನಾವು ಶ್ರಮದಾನ ಎನ್ನುತ್ತೇವೆ. ಪೂರ್ವಭಾಗದ ಭಕ್ತರು ತಮ್ಮ ಬಡಾವಣೆಯ ಕೆರೆಯ ಸಮಿತಿಯನ್ನು ಕಂಡು, ನಗರಪಾಲಿಕೆಗೆ ಮನವಿ ಬರೆದು, ಒಂದು ಏರಿಯನ್ನಾದರೂ ಒಂದು ಗಂಟೆಯ ಕಾಲ ಸೈಕಲ್ಲಿಗೆ ತೆರೆಸಲು ಪ್ರಯತ್ನಿಸಲಿ. ಅನುಮತಿ ದೊರೆತರೆ ಮುಳ್ಳು ಸವರಿ, ಗುಂಡಿ ಮುಚ್ಚಿ, ಕಸ ಎತ್ತುವ ಕೆಲಸಕ್ಕೆ ತಿಂಗಳಿಗೊಂದು ಭಾನುವಾರ ಕೊಡಲಿ. ಹತ್ತು ಜನ ರೋಗಿಗಳಿಗೆ ಹತ್ತು ಚೀಟಿ ಬರೆಯುವುದಕ್ಕಿಂತ ಅಂಥ ಒಂದು ದಾರಿಯಿಂದ ಹೆಚ್ಚು ಆರೋಗ್ಯ ದೊರೆಯುವುದೆಂಬುದು ನಮ್ಮ ದೃಢವಾದ ಅಭಿಪ್ರಾಯ.