ಹಿತ್ತಿಲ ಹಕ್ಕಿಯ ಲೆಕ್ಕ ಊರಿನ ಕೈಯಲ್ಲಿರಲಿ

ಪ್ರತಿ ವರ್ಷ ಫೆಬ್ರವರಿ ತಿಂಗಳ ನಡುವಿನ ನಾಲ್ಕು ದಿನ ಜಗತ್ತಿನ ಹಲವು ದೇಶಗಳ ಜನರು ತಮ್ಮ ಮನೆಯ ಹಿತ್ತಿಲಿನಲ್ಲಿ, ಶಾಲೆಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತು ಹಕ್ಕಿಗಳನ್ನು ಎಣಿಸುತ್ತಾರೆ. ಆ ನಾಲ್ಕು ದಿನಗಳಲ್ಲಿ ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯ ತೆಂಗಿನ ತೋಟಗಳಲ್ಲಿಯೂ ಹಕ್ಕಿಗಳಿರುತ್ತವೆ, ಅವುಗಳನ್ನು ದಿನವೂ ಕಾಣುವ ರೈತರೂ ಇರುತ್ತಾರೆ. ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡದ ತಪ್ಪಲಿನ ಊರುಗಳ ಸ್ಥಿತಿಯೂ ಇದೇ. ಕಂಡದ್ದನ್ನು ಬರೆದಿಡುವ ಪದ್ಧತಿಯೊಂದು ಮಾತ್ರ ಈ ಹಳ್ಳಿಗಳಲ್ಲಿ ಇನ್ನೂ ಬೇರೂರಿಲ್ಲ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಹಿತ್ತಿಲ ಹಕ್ಕಿಗೂ ಅನ್ವಯಿಸಿಬಿಟ್ಟಿದೆ. ಈ ಉದಾಸೀನಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ.

ಈ ಎಣಿಕೆಯ ಹಿನ್ನೆಲೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು ಹೋಗಿ ಕಂಡ ಕಂಡ ಪ್ರಾಣಿಪಕ್ಷಿಗಳನ್ನು ಕೊಂದು ರಾಶಿ ಹಾಕುವ ಪಂದ್ಯವೊಂದಿತ್ತು. 1900ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ, ಕೊಲ್ಲುವ ಬದಲು ಎಣಿಸೋಣ ಎಂಬ ಸಲಹೆ ಮುಂದಿಟ್ಟ. ಆ ವರ್ಷ 27 ಮಂದಿ ಎಣಿಸಿದರು. ಆ ಎಣಿಕೆ ಇಂದಿಗೂ ನಿಂತಿಲ್ಲ. ಹಿತ್ತಿಲ ಹಕ್ಕಿಗಳ ಎಣಿಕೆಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ 1998ರಲ್ಲಿ ಆರಂಭಿಸಿದವು. 2013ರಲ್ಲಿ ಅದು ಜಗತ್ತಿಗೆಲ್ಲ ತೆರೆದುಕೊಂಡಿತು, ಭಾರತವೂ ಅದೇ ವರ್ಷ ಸೇರಿತು. ನಿಯಮ ಸರಳ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ನೋಡಬೇಕು. ಕಂಡ ಮತ್ತು ಕೂಗು ಕೇಳಿ ಗುರುತಿಸಿದ ಎಲ್ಲ ಹಕ್ಕಿಗಳ ಹೆಸರು, ಸಂಖ್ಯೆ ಬರೆಯಬೇಕು. ಕಾಗೆಯನ್ನೂ ಬಿಡುವಂತಿಲ್ಲ.

ಇದು ಹೊಟ್ಟೆ ತುಂಬಿದ ಪಟ್ಟಣಿಗರ ಹವ್ಯಾಸ, ಕಾಯಿ ಕೆಡವಿ ಕೊಬ್ಬರಿ ಮಾಡಿ ಬದುಕುವವರಿಗೆ ಇದರಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ ರಣಹದ್ದುಗಳ ಕಥೆಯಲ್ಲಿದೆ. 1990ರ ದಶಕದ ಆರಂಭದಲ್ಲಿ ದೇಶದ ಹಲವು ರಸ್ತೆಗಳುದ್ದಕ್ಕೂ ಹದ್ದುಗಳನ್ನು ಎಣಿಸಲಾಗಿತ್ತು. 2000ದಲ್ಲಿ ಮತ್ತು ಅನಂತರ ಅವೇ ರಸ್ತೆಗಳಲ್ಲಿ ಮತ್ತೆ ಎಣಿಸಿದಾಗ ಭೀಕರ ಸತ್ಯ ಹೊರಬಿತ್ತು: 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳು ಶೇ 99.9ರಷ್ಟು ಕುಸಿದಿದ್ದವು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಗಾಗಿ ಅದರ ತಯಾರಿಕೆಯನ್ನು ನಿಷೇಧಿಸಿತು. ಮೊದಲ ಎಣಿಕೆ ಇರದಿದ್ದರೆ ಎರಡನೆಯ ಎಣಿಕೆಗೆ ಹೋಲಿಕೆಯೇ ಇರುತ್ತಿರಲಿಲ್ಲ. ಸತ್ತ ದನವನ್ನು ಊರ ಹೊರಗೆ ಎಳೆದು ಹಾಕಿದರೆ ಹದ್ದು ಬಂದು ಮುಗಿಸುತ್ತಿದ್ದ ಕಾಲವನ್ನು ಹಳ್ಳಿಯ ಹಿರಿಯರು ನೆನೆಯಬಲ್ಲರು. ಆದರೆ ಯಾವ ವರ್ಷ ಎಷ್ಟು ಹದ್ದುಗಳಿದ್ದವು ಎಂಬುದನ್ನು ನೆನಪು ಹೇಳಲಾರದು.

ನೆನಪು ದಾರಿ ತಪ್ಪಿಸುವುದೂ ಉಂಟು. ಗುಬ್ಬಚ್ಚಿಗಳೆಲ್ಲ ಮೊಬೈಲ್ ಗೋಪುರಗಳಿಂದ ಸತ್ತುಹೋದವು ಎಂಬ ಮಾತು ಭಾಷಣಗಳಲ್ಲಿ, ಪರಿಸರ ದಿನದ ಪ್ರಬಂಧಗಳಲ್ಲಿ ಮಂತ್ರದಂತೆ ಪಠಣವಾಗುತ್ತಿದೆ. ಸಾವಿರಾರು ಹವ್ಯಾಸಿಗಳ ಪಟ್ಟಿಗಳನ್ನು ಆಧರಿಸಿ 2020ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ, ಗುಬ್ಬಚ್ಚಿ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಇಳಿಮುಖವಾಗಿದೆ ಎಂದು ತಿಳಿಸಿತು. 2023ರ ವರದಿಗೆ 30,000ಕ್ಕೂ ಹೆಚ್ಚು ಮಂದಿಯ ಮೂರು ಕೋಟಿ ದಾಖಲೆಗಳು ಆಧಾರ. ಅದರಲ್ಲಿ ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳ ಪೈಕಿ 204 ಇಳಿಮುಖವಾಗಿವೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ಅಪಾಯದ ಮಟ್ಟವನ್ನು ಮರುಪರಿಶೀಲಿಸಬೇಕೆಂದೂ ಆ ವರದಿ ಶಿಫಾರಸು ಮಾಡಿದೆ. ಗುಬ್ಬಚ್ಚಿಗಾಗಿ ಕಣ್ಣೀರು ಹರಿಯುತ್ತಿದ್ದಾಗ ನೀಲಕಂಠ ಸದ್ದಿಲ್ಲದೆ ಕಡಿಮೆಯಾಗುತ್ತಿತ್ತು. ಪರಿಸರ ಚಳವಳಿ ತನ್ನ ವಿರೋಧಿಗಳಿಂದ ಪುರಾವೆ ಕೇಳುತ್ತದೆ. ಅದೇ ಪುರಾವೆಯನ್ನು ತನ್ನ ಮಾತಿಗೂ ಒದಗಿಸುವ ಹೊಣೆ ಅದಕ್ಕಿದೆ.

ತೆಂಗಿನ ತೋಟದಲ್ಲಿ ಎಣಿಸಲು ಏನಿದೆ ಎನ್ನುವವರು ಒಂದು ಮುಂಜಾನೆ ತಲೆಯೆತ್ತಿ ನೋಡಿದರೆ ಸಾಕು. ಜೋತುಬಿದ್ದ ಒಣಗರಿಯ ಒಳಮೈಗೆ ಎಂಜಲಿನಿಂದ ಗೂಡನ್ನು ಅಂಟಿಸುವ ತಾಳೆ ಬಾನಾಡಿ, ಸುಳಿ ಸತ್ತ ಮರದಲ್ಲಿ ಪೊಟರೆ ಕೊರೆಯುವ ಮರಕುಟಿಗ, ಅದು ಬಿಟ್ಟುಹೋದ ಪೊಟರೆಗೆ ಬಂದು ಸೇರುವ ಗಿಳಿ, ಗೊರವಂಕ, ಹಾಲಕ್ಕಿ, ಗರಿಗಳ ಸಂದಿಯಲ್ಲಿ ಹುಳ ಹುಡುಕುವ ಮಟಪಕ್ಷಿ, ಮೇಯುವ ದನದ ಬೆನ್ನೇರಿ ಕುಳಿತು ಕೀಟ ಹಿಡಿಯುವ ಕಾಜಾಣ, ಬೇಲಿಯ ಮರೆಯಲ್ಲಿ ನಡೆಯುವ ಕೆಂಬೂತ, ಬಾವಿಯ ಮೇಲೆ ಬಾಗಿದ ಗರಿಗೆ ಗೂಡು ತೂಗುಹಾಕುವ ಗೀಜಗ. ಫೆಬ್ರವರಿಯಲ್ಲಿ ಚಳಿಗಾಲದ ಅತಿಥಿಗಳೂ ಇನ್ನೂ ಹೊರಟಿರುವುದಿಲ್ಲ. ಕೆರೆಯಂಗಳದಲ್ಲಿ ಬಾಲ ಕುಣಿಸುವ ಸಿಪಿಲೆ, ಹಿಂಡು ಹಿಂಡಾಗಿ ಬರುವ ಗುಲಾಬಿ ಕಬ್ಬಕ್ಕಿ ಆ ಪಟ್ಟಿಗೆ ಸೇರುತ್ತವೆ.

ಇವು ತೋಟದ ಅಲಂಕಾರಕ್ಕೆ ಬಂದವಲ್ಲ. ತೆಂಗಿಗೆ 1990ರ ದಶಕದ ಕೊನೆಯಲ್ಲಿ ನುಸಿ ಬಂತು, ಕಪ್ಪುತಲೆ ಹುಳುವಿನ ಕಾಟ ಅದಕ್ಕೂ ಹಳೆಯದು, 2016ರಿಂದ ಸುರುಳಿ ಬಿಳಿನೊಣ ಸೇರಿಕೊಂಡಿದೆ. ಪ್ರತಿ ಪೀಡೆಯ ಹಿಂದೆಯೂ ಒಂದೊಂದು ಔಷಧದ ಬಾಟಲಿ ತೋಟಕ್ಕೆ ಕಾಲಿಟ್ಟಿದೆ. ಬೇರಿನ ಮೂಲಕ ಉಣಿಸುತ್ತಿದ್ದ ಮಾನೊಕ್ರೊಟೊಫಾಸ್ ವಿಷವನ್ನು ತರಕಾರಿಗೆ ಬಳಸಬಾರದೆಂದು ಸರ್ಕಾರ 2005ರಲ್ಲಿಯೇ ಆಜ್ಞೆ ಹೊರಡಿಸಿತು. ಅದೇ ವಿಷ 1995-96ರಲ್ಲಿ ಆರ್ಜೆಂಟೀನಾದ ಹೊಲಗಳಲ್ಲಿ ಮಿಡತೆಗೆಂದು ಸಿಂಪಡಿಸಿದಾಗ ಸಾವಿರಾರು ಗಿಡುಗಗಳು ಸತ್ತು ಬಿದ್ದಿದ್ದವು. ಹುಳ ತಿನ್ನುವ ಹಕ್ಕಿಗಳು ತೋಟವೊಂದರಲ್ಲಿ ಹತ್ತು ವರ್ಷಗಳ ಹಿಂದೆ ಎಷ್ಟಿದ್ದವು, ಈಗ ಎಷ್ಟಿವೆ ಎಂಬ ಲೆಕ್ಕ ರೈತನಲ್ಲಿದ್ದರೆ, ಔಷಧದ ಅಂಗಡಿಯವನ ಸಲಹೆಯನ್ನು ಅವನು ಬೇರೆಯೇ ಕಿವಿಯಿಂದ ಕೇಳುತ್ತಾನೆ. ಇಲಿ ಎಳನೀರನ್ನು ಕೊರೆಯುತ್ತದೆಂದು ದೂರುವ ಊರೇ, ಇಲಿ ತಿನ್ನುವ ಕಣಜಗೂಬೆಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸುತ್ತದೆ. ಹಾಲಕ್ಕಿಯ ನುಡಿಯನ್ನು ಶುಭವೆಂದು ಸಾರಿದ ಬುಡಬುಡಿಕೆಯವರ ಪರಂಪರೆ ಇದೇ ಸೀಮೆಯಲ್ಲಿತ್ತೆಂಬುದನ್ನು ಮರೆತ ಫಲವಿದು.

ಎಣಿಕೆಯ ಪ್ರಶ್ನೆ ತೋಟದ ಬೇಲಿಗೇ ಮುಗಿಯುವುದಿಲ್ಲ. ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಅದಿರಿಗಾಗಿ ಬಗೆದ ಇತಿಹಾಸ ಎಲ್ಲರ ಕಣ್ಣೆದುರಿಗಿದೆ. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಕೆಲವು ವರ್ಗಗಳ ಗಣಿಗಳಿಗೆ, ಕೆಡಿಸಿದ ನೆಲವನ್ನು ಪುನಶ್ಚೇತನಗೊಳಿಸುವ ಷರತ್ತಿನೊಡನೆ, ದಾರಿ ತೆರೆಯಿತು. ಪುನಶ್ಚೇತನವಾಯಿತೆಂದು ಕಾಗದ ಹೇಳಿದಾಗ ಅದನ್ನು ಯಾವ ಅಳತೆಗೋಲಿನಿಂದ ಪರೀಕ್ಷಿಸಬೇಕು? ಗಣಿ ಬರುವ ಮುನ್ನ ಆ ಗುಡ್ಡದಲ್ಲಿ ಯಾವ ಹಕ್ಕಿಗಳಿದ್ದವು ಎಂಬ ದಾಖಲೆ ತಪ್ಪಲಿನ ಜನರ ಬಳಿ ಇದ್ದರಲ್ಲವೇ ಪ್ರಶ್ನೆ ಕೇಳಲು ಬಾಯಿ ಬರುವುದು? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಸಭೆಗಳಲ್ಲಿ ಕಂಪನಿಯ ಕಡೆಯವರು ದಪ್ಪನೆಯ ವರದಿಯೊಡನೆ ಬರುತ್ತಾರೆ. ಊರಿನವರು ಬರಿಗೈಯಲ್ಲಿ, ಆಕ್ರೋಶವನ್ನಷ್ಟೇ ಹೊತ್ತು ಬರುತ್ತಾರೆ. ಐದು ವರ್ಷಗಳ ದಿನಾಂಕಸಹಿತ ಪಟ್ಟಿಯೊಂದು ಕೈಯಲ್ಲಿದ್ದರೆ ಸಭೆಯ ನಡಾವಳಿಯಲ್ಲಿ ಅದನ್ನು ದಾಖಲಿಸಲೇಬೇಕೆಂದು ಪಟ್ಟು ಹಿಡಿಯಬಹುದು.

ಕಾನೂನು ಇದಕ್ಕೊಂದು ಸ್ಥಳವನ್ನೂ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸ. ರಾಜ್ಯಗಳು ವರ್ಷಗಟ್ಟಲೆ ಮಲಗಿದ್ದ ಕಾರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದು ಎಚ್ಚರಿಸಬೇಕಾಯಿತು. ದಂಡದ ಭಯಕ್ಕೆ ತರಾತುರಿಯಲ್ಲಿ ಬರೆದ ಪುಸ್ತಕ ಜನತೆಯ ದಾಖಲಾತಿ ಹೇಗಾದೀತು? ಗ್ರಾಮ ಪಂಚಾಯಿತಿಯ ಬೀರುವಿನಲ್ಲಿರುವ ಆ ಪುಸ್ತಕವನ್ನು ತೆಗೆಸಿ ಓದುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇದೆ. ಅದರಲ್ಲಿ ಊರಿನ ಹಕ್ಕಿಗಳಿವೆಯೇ, ಇನ್ನೆಲ್ಲಿಂದಲೋ ನಕಲು ಮಾಡಿದ ಹೆಸರುಗಳಿವೆಯೇ ಎಂಬುದನ್ನು ಶಾಲೆಯ ಮಕ್ಕಳೇ ಪರೀಕ್ಷಿಸಬಲ್ಲರು.

ಎಣಿಕೆಯನ್ನು ಸಂಘಟಿಸುವವರಿಗೂ ಕೆಲವು ಮಾತುಗಳನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಮೊಬೈಲ್ ಆ್ಯಪ್, ಇಂಗ್ಲಿಷ್ ಹೆಸರು, ದುಬಾರಿ ಕ್ಯಾಮೆರಾ, ಇವಿಲ್ಲದವರು ಎಣಿಕೆಗೆ ಅನರ್ಹರೆಂಬ ಭಾವನೆ ಹಳ್ಳಿಗಳಲ್ಲಿ ಮೂಡಿದ್ದರೆ ಅದಕ್ಕೆ ಪಟ್ಟಣದ ಉತ್ಸಾಹಿಗಳೇ ಹೊಣೆ. ಪಟ್ಟಿಗಳು ನಗರಗಳ ಸುತ್ತ, ಹೆಸರಾಂತ ಪಕ್ಷಿಧಾಮಗಳ ಸುತ್ತ ರಾಶಿ ಬೀಳುತ್ತವೆ. ಬಯಲುಸೀಮೆಯ ತೋಟ, ಹೊಲ, ಕುರುಚಲು ಗುಡ್ಡಗಳ ಪಾಲಿಗೆ ಬರುವುದು ಅತ್ಯಲ್ಪ. ಇದರಿಂದ ದೇಶದ ಲೆಕ್ಕವೇ ವಾಲುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನು ಕಾಪಾಡಿಕೊಂಡು ಬಂದವರು ಹಳ್ಳಿಗರು. ಆಗ ಅವರ ಬಳಿ ಆ್ಯಪ್ ಇರಲಿಲ್ಲ. ಕನ್ನಡದಲ್ಲಿ ಹಕ್ಕಿಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳಿಗೆ ತಲುಪಿದರೆ ವಿದ್ಯಾರ್ಥಿಗಳಿಗೆ ಆರಂಭಕ್ಕೆ ಅಷ್ಟೇ ಸಾಕು.

ಇನ್ನು ವರ್ಷಕ್ಕೊಮ್ಮೆ ಟೋಪಿ ಧರಿಸಿ, ಬ್ಯಾನರ್ ಹಿಡಿದು, ಫೋಟೊ ತೆಗೆಸಿಕೊಂಡು ಮುಗಿಸುವ ಎಣಿಕೆ ವನಮಹೋತ್ಸವದ ಗುಂಡಿಗಳಂತೆಯೇ ನಿಷ್ಪ್ರಯೋಜಕ. ಅದೇ ತೋಟದಲ್ಲಿ, ಅದೇ ಹೊತ್ತಿಗೆ, ಅಷ್ಟೇ ಸಮಯ, ವರ್ಷ ವರ್ಷವೂ ಎಣಿಸಿದರೆ ಮಾತ್ರ ಹೋಲಿಕೆ ಸಾಧ್ಯ. ಫೆಬ್ರವರಿಯ ಪಟ್ಟಿಯಲ್ಲಿ ಮುಂಗಾರಿನ ಗೂಡುಗಳು ಕಾಣಿಸುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಒಮ್ಮೆ, ಸಲೀಂ ಅಲಿಯವರ ಜನ್ಮದಿನವಾದ ನವೆಂಬರ್ 12ರ ಆಸುಪಾಸಿನಲ್ಲಿ ಮತ್ತೊಮ್ಮೆ ಎಣಿಸುವುದು ಯುಕ್ತ. ಕಾಣದಿದ್ದ ದಿನ ಕಾಣಲಿಲ್ಲವೆಂದೇ ಬರೆಯಬೇಕು. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡುವ ಬದಲು ಗುರುತಾಗಲಿಲ್ಲವೆಂದು ಬರೆಯಬೇಕು. ಸುಳ್ಳು ಪಟ್ಟಿ ಖಾಲಿ ಪುಟಕ್ಕಿಂತ ಕೇಡು. ಗೂಬೆಗಳ ಗೂಡಿನ ಜಾಗವನ್ನು ಊರೆಲ್ಲ ಸಾರುವುದೂ ಬೇಡ. ದೀಪಾವಳಿಯ ಹೊತ್ತಿಗೆ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ದಂಧೆ ದೇಶದಲ್ಲಿದೆ.

ಆಗಬೇಕಾದ ಕೆಲಸಕ್ಕೆ ಹಣ ಬೇಕಿಲ್ಲ. ದಬ್ಬೇಘಟ್ಟ ಹೋಬಳಿಯ ಪ್ರತಿ ಶಾಲೆಯಲ್ಲಿ ಒಂದು ಗೆರೆ ಪುಸ್ತಕ, ಪ್ರತಿ ಊರಿನಲ್ಲಿ ಆರಿಸಿಕೊಂಡ ಒಂದು ತೋಟ, ಒಂದು ಕೆರೆ ಏರಿ, ಗುಡ್ಡವಿರುವಲ್ಲಿ ಒಂದು ಗುಡ್ಡದ ದಾರಿ ಇದ್ದರೆ ಸಾಕು. ದಿನಾಂಕ, ಸಮಯ, ಹಕ್ಕಿಯ ಊರಿನ ಹೆಸರು, ಸಂಖ್ಯೆ, ಎಣಿಸಿದವರ ಸಹಿ, ಇವಿಷ್ಟನ್ನು ಅದರಲ್ಲಿ ಬರೆಯಬೇಕು. ದನ ಮೇಯಿಸುವವರು, ಕಾಯಿ ಕೆಡವುವವರು, ಸೋಗೆ ಹೆಣೆಯುವ ಹೆಂಗಸರು ಹೇಳುವ ಹೆಸರುಗಳನ್ನು ಮಕ್ಕಳು ಬರೆದುಕೊಳ್ಳಲಿ. ಮೊಬೈಲ್ ಇರುವ ಯಾರಾದರೊಬ್ಬರು ಅದನ್ನು ಜಗತ್ತಿನ ಪಟ್ಟಿಗೆ ಸೇರಿಸಲಿ. ಮೂಲ ಪುಸ್ತಕ ಶಾಲೆಯಲ್ಲಿರಲಿ, ಅದರ ಪ್ರತಿಯನ್ನು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಅದನ್ನು ಗಟ್ಟಿಯಾಗಿ ಓದಲಿ.

ತೆಂಗಿನ ಮರವೊಂದು ಫಲಕ್ಕೆ ಬರಲು ವರ್ಷಗಳು ಬೇಕು. ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಕಾಯುವುದು ಈ ಸೀಮೆಯ ಜನರಿಗೆ ಹೊಸತೇನಲ್ಲ. ಹಕ್ಕಿಯ ಪಟ್ಟಿಯೂ ಹಾಗೆಯೇ ಫಲ ಕೊಡುವಂಥದು. ಮೊದಲ ಪುಟವನ್ನು ಬರುವ ಫೆಬ್ರವರಿಯಲ್ಲಿ ತೆರೆದರೆ, ಹತ್ತು ವರ್ಷಗಳ ಅನಂತರ ಗುಡ್ಡಕ್ಕೋ ಕೆರೆಗೋ ಕುತ್ತು ಬಂದಾಗ ಮಾತನಾಡಲು ಅಂದಿನ ಯುವಕರ ಕೈಯಲ್ಲಿ ಊರಿನದೇ ಸಾಕ್ಷ್ಯವಿರುತ್ತದೆ.